ನನ್ನ ಹೊಟ್ಟೆ, ನನ್ನ ಮೊಸರು

ಮನುಷ್ಯನಿಗೆ ಸ್ವಂತ ಮನೆ ಇಲ್ಲದಿರಬಹುದು, ಸ್ವಂತ ಅಭಿಪ್ರಾಯವೂ ಇಲ್ಲದಿರಬಹುದು. ಹೊಟ್ಟೆಯೊಂದಾದರೂ ಸ್ವಂತದ್ದು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಅದು ಹಸಿದರೆ ನನಗೆ ಗೊತ್ತಾಗುತ್ತದೆ, ತುಂಬಿದರೂ ನನಗೇ ಗೊತ್ತಾಗುತ್ತದೆ, ನೋವಾದರೆ ನಾನೇ ಮಂಚದ ಮೇಲೆ ಮುದುಡಿಕೊಂಡು ಮಲಗಬೇಕು. ಇದಕ್ಕಿಂತ ಹೆಚ್ಚಿನ ಮಾಲೀಕತ್ವ ಬೇರೆ ಯಾವುದರ ಮೇಲಿದೆ ಹೇಳಿ? ಆದರೆ ಒಂದು ಸಲ ಯಾರಾದರೂ ಡಾಕ್ಟರು ಆ ಹೊಟ್ಟೆಗೆ ಕಾಯಿಲೆಯ ಹೆಸರಿಟ್ಟರೋ, ಮುಗಿಯಿತು. ಅಲ್ಲಿಂದಾಚೆಗೆ ಅದು ಗಂಡನದು, ಅತ್ತೆಯದು, ಮಗಳದು, ಎದುರುಮನೆಯವರದು. ಅದರೊಳಗೆ ಏನು ಹೋಗಬೇಕು, ಏನು ಹೋಗಬಾರದು ಎಂಬುದನ್ನು ಅವರೆಲ್ಲ ಕೂತು ತೀರ್ಮಾನಿಸುತ್ತಾರೆ. ನೋವೊಂದನ್ನು ಮಾತ್ರ ದೊಡ್ಡ ಮನಸ್ಸು ಮಾಡಿ ನಮ್ಮ ಪಾಲಿಗೆ ಬಿಟ್ಟುಕೊಡುತ್ತಾರೆ.

ಆಗ ನಾವು ನಾಗಪುರದ ಮಹಾಲ್‌ನಲ್ಲಿ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದೆವು. ನಡುವೆ ಕಲ್ಲು ಹಾಸಿದ ಅಂಗಳ, ಸುತ್ತಲೂ ನಮ್ಮಂಥವೇ ಸಂಸಾರಗಳು. ಯಾರ ಮನೆಯಲ್ಲಿ ಯಾವ ಪಲ್ಯಕ್ಕೆ ಒಗ್ಗರಣೆ ಬಿತ್ತು ಎಂಬುದು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವರಿಗೆಲ್ಲ ತಿಳಿಯುವಂಥ ಜಾಗ. ನಮ್ಮ ಯಜಮಾನರು ಶಿವಾನಂದ ಅವರಿಗೆ ಕೇಂದ್ರ ಸರಕಾರದ ಕಚೇರಿಯಲ್ಲಿ ನೌಕರಿ. ನಾನು ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಪಾಠ ಎನ್ನುವುದಕ್ಕಿಂತ ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದೇ ಹೆಚ್ಚು. ಬಿಜಾಪುರದ ಕಡೆಯವರಾದ ನಮ್ಮತ್ತೆ ನಮ್ಮ ಜೊತೆಗೇ ಇದ್ದರು. ಮಗಳು ರೂಪಾ ಕಾಲೇಜಿನಲ್ಲಿದ್ದಳು. ಕನ್ನಡದಲ್ಲಿ ಮಾತು ಶುರು ಮಾಡಿ ಮರಾಠಿಯಲ್ಲಿ ಮುಗಿಸುವ ಹುಡುಗಿ. ಅಂಗಳದ ಆಚೆ, ನಮ್ಮ ಬಾಗಿಲಿಗೆ ನೇರ ಎದುರು, ವಾಡೆಗೆಲ್ಲ ಚಿಕ್ಕಮ್ಮನಂತಿದ್ದ ಮರಾಠಿಯ ಕುಸುಮ ಕಾಕು. ಅವರು ಸದಾ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದರು. ಅಷ್ಟು ಅಕ್ಕಿಯನ್ನು ಆ ಮನೆಯಲ್ಲಿ ಯಾರು ಉಣ್ಣುತ್ತಿದ್ದರೋ ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಕಾಯಿಲೆಗೆ ಹೆಸರು ಸಿಗುವ ಮೊದಲು ಬಹಳ ವರ್ಷ ಅದು ಅನಾಮಧೇಯವಾಗಿಯೇ ನನ್ನನ್ನು ಕಾಡಿತು. ಉಂಡರೆ ಹೊಟ್ಟೆ ಉಬ್ಬುತ್ತಿತ್ತು, ಉಣ್ಣದಿದ್ದರೆ ತಲೆ ಸುತ್ತುತ್ತಿತ್ತು. ಕೂದಲು ಬಾಚಣಿಗೆಯಲ್ಲೇ ಉಳಿಯುತ್ತಿತ್ತು. ಮೈ ಇಳಿಯುತ್ತ ಹೋಗಿ ಸೀರೆಯ ನೆರಿಗೆಗಳು ಹೆಚ್ಚುತ್ತ ಹೋದವು. ಕಾಕು ಇದು ದೃಷ್ಟಿ ಎಂದರು. ನಮ್ಮ ಹೆಡ್‌ಮಿಸ್ಟ್ರೆಸ್ ಟೆನ್ಶನ್ ಎಂದರು. ಯಜಮಾನರು ಚಹಾ ಹೆಚ್ಚಾಯಿತು ಎಂದರು. ಕೊನೆಗೆ ಒಂದು ಚಳಿಗಾಲದ ಬೆಳಿಗ್ಗೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ, ಮಕ್ಕಳೆಲ್ಲ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾಗ, ನಾನೂ ಕಣ್ಣು ಮುಚ್ಚಿದೆ, ತೆರೆದಾಗ ಆಸ್ಪತ್ರೆಯಲ್ಲಿದ್ದೆ. ಅಲ್ಲಿಂದ ನಮ್ಮನ್ನು ಧಂತೋಲಿಯ ಹೊಟ್ಟೆಯ ಡಾಕ್ಟರೊಬ್ಬರ ಹತ್ತಿರ ಕಳಿಸಿದರು. ಅವರು ರಕ್ತ ತೆಗೆಸಿದರು, ಗಂಟಲಲ್ಲಿ ಕೊಳವೆ ಇಳಿಸಿ ನೋಡಿದರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮ್ಯಾಡಮ್, ಗೇಹೂಂ ಬಂದ್. ಜಿಂದಗೀ ಭರ್" ಎಂದರು. ಗೋದಿ ಬಂದ್, ಜೀವಮಾನವಿಡೀ. ಗೋದಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಪದಾರ್ಥ ನನ್ನ ಕರುಳಿಗೆ ಶತ್ರುವಂತೆ. ಆ ಹೆಸರನ್ನು ನಾವು ಕೇಳಿದ್ದೇ ಅವತ್ತು. ನಾನು ಹೆದರುತ್ತಲೇ ಹಾಲಿನ ಬಗ್ಗೆ ಕೇಳಿದೆ. "ಸದ್ಯಕ್ಕೆ ಅದೂ ಬಂದ್. ಕರುಳು ಸುಧಾರಿಸಲಿ, ಆಮೇಲೆ ನೋಡೋಣ" ಎಂದರು.

ಗೋದಿ ಹೋದದ್ದಕ್ಕೆ ನಾನು ಅಳಲಿಲ್ಲ. ನಮ್ಮತ್ತೆಯಂತೂ ಸುದ್ದಿ ಕೇಳಿ ಹೆಚ್ಚುಕಡಿಮೆ ಹಿಗ್ಗಿದರು. "ಗೋದಿ ಹೋದ್ರ ಹೋತು ಬಿಡು, ಜ್ವಾಳ ಐತೆಲ್ಲ! ನಮ್ಮ ಕಾಲಕ್ಕ ಗೋದಿ ಹಬ್ಬ ಹುಣ್ಣಿಮಿಗಷ್ಟ. ದಿನಾ ಚಪಾತಿ ತಿಂದ್ರ ಹೊಟ್ಟಿ ಕೆಡದ ಏನ್ ಮಾಡ್ತೈತಿ?" ಎಂದು ಹೇಳಿ, ಅವತ್ತೇ ಹಿಟ್ಟು ನಾದುವ ಕೊಣಮಿಗೆ ತೊಳೆದು ರೊಟ್ಟಿ ಬಡಿಯಲು ಕೂತರು. ನಾಗಪುರದಲ್ಲಿ ಚಪಾತಿಗೆ ಸೋತ ಅವರ ರೊಟ್ಟಿ ಡಾಕ್ಟರ ಬಾಯಿಂದಲೇ ಗೆದ್ದು ಬಂದಿತ್ತು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ರೊಟ್ಟಿ, ಸಂಜೆ ಅನ್ನ. ಮದುವೆಮನೆಗಳಲ್ಲಿ ಪೂರಿ ನನ್ನ ಎಲೆಯನ್ನು ದಾಟಿ ಮುಂದೆ ಹೋದಾಗ ಸ್ವಲ್ಪ ಕಸಿವಿಸಿಯಾಗುತ್ತಿತ್ತು, ಅಷ್ಟೇ. ಆದರೆ ಮಜ್ಜಿಗೆ? ಮೊಸರು? ನೀವು ನಾಗಪುರದ ಬೇಸಿಗೆಯನ್ನು ಕಂಡಿದ್ದೀರೋ ಇಲ್ಲವೋ. ಮೇ ತಿಂಗಳಲ್ಲಿ ಅಲ್ಲಿ ಗಾಳಿ ಬೀಸುವುದಿಲ್ಲ, ಯಾರೋ ಒಲೆಯ ಬಾಗಿಲು ತೆರೆದು ಮುಚ್ಚುತ್ತಿರುತ್ತಾರೆ. ಕಿಟಕಿಯಲ್ಲಿ ಕೂಲರ್ ಇಟ್ಟು, ಅದಕ್ಕೆ ಲಾವಂಚದ ಪರದೆ ಕಟ್ಟಿ, ಬಕೆಟ್‌ಗಟ್ಟಲೆ ನೀರು ಸುರಿದು, ಅದರ ಮುಂದೆ ಕೂತು ಒಂದು ಲೋಟ ಮಜ್ಜಿಗೆ ಕುಡಿಯುವುದೇ ಅಲ್ಲಿ ಬದುಕುವ ಉಪಾಯ. ಇಡೀ ವಾಡೆಯೇ ಮಜ್ಜಿಗೆ ಕಡೆಯುವ ಹೊತ್ತಿನಲ್ಲಿ ನಾನು ನಿಂಬೆಹಣ್ಣಿನ ನೀರು ಹಿಡಿದು ಕೂರುತ್ತಿದ್ದೆ. ಉಂಡ ಮೇಲೆ ಕಡೆಗೊಂದು ತುತ್ತು ಮೊಸರನ್ನ ಇಲ್ಲದಿದ್ದರೆ ಊಟ ಮುಗಿಯಿತೆಂದು ನನ್ನ ಕೈಗೆ ತಿಳಿಯುತ್ತಿರಲಿಲ್ಲ. ತಟ್ಟೆಯ ಮುಂದೆ ಸುಮ್ಮನೆ ಕೂತೇ ಇರುತ್ತಿದ್ದೆ.

ಇಷ್ಟರಲ್ಲಿ ನಮ್ಮ ಯಜಮಾನರು ಒಬ್ಬ ತಜ್ಞರಾಗಿಬಿಟ್ಟಿದ್ದರು. ಮದುವೆಯಾದಂದಿನಿಂದ ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಎಂದು ತಿಳಿಯದ ಮನುಷ್ಯ ಈಗ ಅಡುಗೆಮನೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ನನ್ನ ಹಂಚು ಬೇರೆ, ಸೌಟು ಬೇರೆ, ಕೈ ಒರೆಸುವ ಬಟ್ಟೆಯೂ ಬೇರೆ. ಪರಿಚಯದವರ ಗೃಹಪ್ರವೇಶಕ್ಕೆ ಹೋದರೆ ಬಡಿಸುವವರನ್ನು ತಡೆದು, "ಇನಕೋ ಗ್ಲೂಟೆನ್ ಹೈ", ಇವರಿಗೆ ಗ್ಲೂಟೆನ್ ಇದೆ, ಎನ್ನುತ್ತಿದ್ದರು, ನನ್ನ ಮೈಮೇಲೆ ಏನೋ ಬಂದಿದೆ ಎನ್ನುವ ಹಾಗೆ. ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆಮೇಲೆ ಅವರು ಕರುಳಿನ ರಚನೆಯನ್ನು ಕೈಬೆರಳಲ್ಲಿ ಮಾಡಿ ತೋರಿಸುತ್ತಿದ್ದರು, ಜಿಲೇಬಿ ತಿನ್ನುತ್ತಿರುವವರ ಎದುರಿಗೇ. ರೂಪಾ ನಾಚಿಕೆಯಿಂದ ಬೇರೆ ಸಾಲಿಗೆ ಹೋಗಿ ಕೂರುತ್ತಿದ್ದಳು.

ಹೀಗಿರುವಾಗ, ಮೈ ತುಂಬಿಕೊಂಡು ಸೀರೆಯ ನೆರಿಗೆ ಮೊದಲಿನಷ್ಟಕ್ಕೇ ಬಂದಿದ್ದ ಒಂದು ಬೇಸಿಗೆಯಲ್ಲಿ, ನಾನು ತಪಾಸಣೆಗೆ ಧಂತೋಲಿಗೆ ಹೋದೆ. ಪ್ರತಿಸಲ ಜೊತೆಗೆ ಬರುತ್ತಿದ್ದ ಯಜಮಾನರ ಕಚೇರಿಗೆ ಅವತ್ತು ದಿಲ್ಲಿಯ ಅಧಿಕಾರಿಗಳು ಬಂದಿದ್ದರು, ಒಬ್ಬಳೇ ಹೋದೆ. ಡಾಕ್ಟರು ರಿಪೋರ್ಟು ನೋಡಿ ನಕ್ಕರು. "ಬಹುತ್ ಬಢಿಯಾ. ಇನ್ನು ಹಾಲು ಶುರು ಮಾಡಿ. ಮೊದಲು ಒಂದು ಚಮಚ ಮೊಸರು. ಆಮೇಲೆ ಒಂದು ಬಟ್ಟಲು. ಆಮೇಲೆ ಮಜ್ಜಿಗೆ, ಕಡೆಗೆ ಹಾಲು. ನಿಧಾನವಾಗಿ. ನಾನು ರಜೆಯ ಮೇಲೆ ಊರಿಗೆ ಹೊರಟಿದ್ದೇನೆ, ಬಂದಮೇಲೆ ಹೇಗಾಯಿತೆಂದು ತಿಳಿಸಿ" ಎಂದರು. ನಾನು ಆಟೋದಲ್ಲಿ ಕೂತು ಬರುವಾಗ ದಾರಿಯಲ್ಲಿ ಲಸ್ಸಿಯ ಅಂಗಡಿಗಳೆಲ್ಲ ನನ್ನನ್ನು ಹೆಸರು ಹಿಡಿದು ಕರೆದಂತಾಯಿತು. ಆದರೂ ನಿಲ್ಲಲಿಲ್ಲ. ಇಂಥ ಸಂತೋಷವನ್ನು ಮನೆಯವರ ಜೊತೆ ಹಂಚಿಕೊಳ್ಳಬೇಕು ಎಂದುಕೊಂಡೆ. ಎಂಥ ದಡ್ಡತನ! ಅಲ್ಲೇ ನಿಂತು ಕುಡಿದಿದ್ದರೆ ಮುಂದಿನದೆಲ್ಲ ಇರುತ್ತಲೇ ಇರಲಿಲ್ಲ.

ಸಂಜೆ ಯಜಮಾನರು ಬಂದು ಕೈಕಾಲು ತೊಳೆದು ಕೂತರು. ನಾನು ಹೇಳಿದೆ: "ರೀ, ಡಾಕ್ಟರು ಮೊಸರು ತಿನ್ನಾಕ ಹೇಳ್ಯಾರ."

ಅವರು ಪೇಪರು ಕೆಳಗಿಟ್ಟರು. "ಎಲ್ಲಿ ಬರದಾರ? ತೋರ್ಸು."

"ಬರದಿಲ್ಲರಿ. ಬಾಯಿಲೆ ಹೇಳಿದ್ರು."

"ಬಾಯಿಲೆ ಹೇಳಿದ್ದಕ್ಕ ಏನ್ ಆಧಾರ?"

"ಗೋದಿ ಬಂದ್ ಮಾಡ್ರಿ ಅಂತ ಹೇಳಿದ್ದೂ ಬಾಯಿಲೇನ. ಅದನ್ನ ನಂಬಿದ್ರೆಲ್ಲ?"

"ಬಂದ್ ಮಾಡಾಕ ಆಧಾರ ಬೇಕಾಗಂಗಿಲ್ಲ," ಎಂದರು ಅವರು, ಬಹಳ ಶಾಂತವಾಗಿ. "ಚಾಲೂ ಮಾಡಾಕ ಬೇಕು."

ಇಪ್ಪತ್ತು ವರ್ಷಕ್ಕೂ ಮೇಲೆ ಸರಕಾರಿ ನೌಕರಿ ಮಾಡಿದ ಮನುಷ್ಯನ ಜೊತೆ ವಾದ ಮಾಡುವುದು ಹೇಗೆ? ನಾನು ಮಗಳ ಮುಖ ನೋಡಿದೆ. ಅವಳು ನನ್ನನ್ನು ಕನಿಕರದಿಂದ ನೋಡುತ್ತ, "ಅವ್ವಾ, ಡಾಕ್ಟರು ಖರೇನ ಹೇಳಿದ್ರೇನು, ಕೀ ತುಲಾಚ್ ವಾಟ್ಲಂ?" ಎಂದಳು. ನಿಜವಾಗಿ ಹೇಳಿದರೋ, ಅಥವಾ ನಿನಗೇ ಹಾಗೆ ಅನ್ನಿಸಿತೋ ಎಂದು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮಗನ ಮುಖವನ್ನೂ ನನ್ನ ಮುಖವನ್ನೂ ನೋಡಿ, "ಅವ ಹೇಳೋದೂ ಖರೇ ಐತಿ, ಈಕಿ ಹೇಳೋದೂ ಖರೇ ಐತಿ" ಎಂದು ಮತ್ತೆ ಬಡಿಯತೊಡಗಿದರು. ಅಂಗಳದಾಚೆಯಿಂದ ಕಾಕು, "ಅಹೋ ವಹಿನಿ, ದೂಧ್ ನಕೋ ಬಾಬಾ!" ಎಂದು ಕೂಗಿದರು, ಹಾಲು ಬೇಡವೇ ಬೇಡ ಎಂದು. ಅವರನ್ನು ಯಾರು ಕೇಳಿದ್ದರು? ಆದರೆ ನಮ್ಮ ವಾಡೆಯಲ್ಲಿ ಸಲಹೆ ಕೊಡಲು ಯಾರೂ ಕೇಳುವವರೆಗೆ ಕಾಯುತ್ತಿರಲಿಲ್ಲ.

ನನಗೆ ಸಿಟ್ಟು ಬಂದದ್ದು ಮೊಸರಿಗಾಗಿ ಅಲ್ಲ, ನೋಡಿ. ನಾನು ತರಗತಿಯಲ್ಲಿ ನಲವತ್ತು ಮಕ್ಕಳನ್ನು ಒಂದು ಕಣ್ಣಿನ ನೋಟದಿಂದ ಸುಮ್ಮನಾಗಿಸುವವಳು. ಆ ಮಕ್ಕಳು "ಟೀಚರ್, ಹೊಟ್ಟೆನೋವು" ಎಂದರೆ, ಗಣಿತದ ಪಿರಿಯಡ್ಡಾಗಿದ್ದರೂ, ನಾನು ನಂಬುತ್ತಿದ್ದೆ. ನನ್ನ ಮನೆಯಲ್ಲಿ ನನ್ನ ಹೊಟ್ಟೆಯ ಬಗ್ಗೆ ನಾನು ಹೇಳಿದ ಒಂದು ಮಾತನ್ನು ನಂಬುವವರು ಯಾರೂ ಇರಲಿಲ್ಲ. ಅವತ್ತೇ ಊಟಕ್ಕೆ ಕೂತಾಗ ನಾನು ಎದ್ದುಹೋಗಿ ಉಳಿದವರಿಗೆಂದು ಹೆಪ್ಪು ಹಾಕಿದ್ದ ಮೊಸರಿನ ಗಡಿಗೆ ತಂದು ಎಲ್ಲರ ನಡುವೆ ಇಟ್ಟೆ. ಒಂದು ಚಮಚ ಮೊಸರು ತೆಗೆದು, ಎತ್ತಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಬಾಯಿಗೆ ಹಾಕಿಕೊಂಡೆ. ಯಾರೂ ಉಣ್ಣಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಪಟಾಕಿಗೆ ಬೆಂಕಿ ಹಚ್ಚಿ ಹಿಂದೆ ಸರಿದು ನಿಂತವರ ಹಾಗೆ. ಪಟಾಕಿ ಹಾರಲಿಲ್ಲ. ಮರುದಿನ ಎರಡು ಚಮಚ. ಆಮೇಲೆ ಅರ್ಧ ಬಟ್ಟಲು, ಆಮೇಲೆ ಒಂದು. ಹೊಟ್ಟೆ ಹಾಯಾಗಿತ್ತು. ಯಜಮಾನರು ದಿನಾ ಬೆಳಿಗ್ಗೆ "ಹ್ಯಾಂಗೈತಿ?" ಎಂದು ಕೇಳುತ್ತಿದ್ದರು; "ಚಲೋ ಐತಿ" ಎಂದರೆ ಅವರ ಮುಖದಲ್ಲಿ ಸಮಾಧಾನವೂ ಸ್ವಲ್ಪ ನಿರಾಸೆಯೂ ಒಟ್ಟಿಗೆ ಕಾಣುತ್ತಿದ್ದವು.

ಕೊನೆಗೆ ಅವರೂ ಕರಗಿದರು. ಕರಗಿದರು ಎನ್ನುವುದಕ್ಕಿಂತ, ತಡೆಯಲಾಗದ್ದನ್ನು ತಮ್ಮ ಹತೋಟಿಗೆ ತೆಗೆದುಕೊಂಡರು. "ಮಜ್ಜಿಗಿ ಕುಡಿಯೋದಾದ್ರ ಬರೋಬರ್ ಕುಡೀಬೇಕು. ಇಂಗು ಹಾಕಬೇಕು. ಇಂಗು ಅಂದ್ರ ಹೊಟ್ಟಿಗೆ ಅಮೃತ" ಎಂದರು. ನಮ್ಮದು ಬೆಳ್ಳುಳ್ಳಿ ಮನೆ. ಇಂಗು ಮಜ್ಜಿಗೆಯ ಒಗ್ಗರಣೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಸುವ ರೂಢಿಯಿಲ್ಲ. ನನಗೆ ಹಾಲು ಮೊಸರು ನಿಂತಮೇಲೆ, ನನ್ನ ಎದುರು ಕುಡಿಯುವುದು ಬೇಡವೆಂದು ಅತ್ತೆ ಮನೆಯಲ್ಲಿ ಮಜ್ಜಿಗೆ ಮಾಡುವುದನ್ನೇ ಬಿಟ್ಟಿದ್ದರಿಂದ, ಇಂಗಿನ ಡಬ್ಬಿ ಎಂದೋ ಖಾಲಿಯಾಗಿ ಕಸಕ್ಕೆ ಹೋಗಿತ್ತು. ಭಾನುವಾರ ಬೆಳಿಗ್ಗೆ ಯಜಮಾನರು ತಾವೇ ಸ್ಕೂಟರ್ ತೆಗೆದು ಪೇಟೆಗೆ ಹೋಗಿ ಹೊಸ ಡಬ್ಬಿ ತಂದರು. ತಾವೇ ಮೊಸರು ಕಡೆದರು. ತಾವೇ ಒಗ್ಗರಣೆ ಹಾಕಿದರು. ಸಾಸಿವೆ ಅಂಗಳದವರೆಗೂ ಹಾರಿತು. ಇಂಗನ್ನು ಚಿಟಿಕೆಯಲ್ಲಿ ಹಾಕುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಚಮಚದಲ್ಲಿ ಹಾಕಿದರು. ಹೊಟ್ಟೆಗೆ ಒಳ್ಳೆಯದೆಂದು ಮೇಲೆ ಇನ್ನೊಂದು ಚಮಚ. ಕೂಲರಿನ ಮುಂದೆ ಕೂತು ನಾನು ಆ ಮಜ್ಜಿಗೆಯನ್ನು ಕುಡಿದೆ. ಎಷ್ಟು ದಿನಗಳ ಮೇಲೆ! ಗಂಟಲಿನಿಂದ ಹಿಮ್ಮಡಿಯವರೆಗೆ ತಣ್ಣಗಾಯಿತು. ಇನ್ನೊಂದು ಲೋಟ ಕೇಳಿ ಕುಡಿದೆ. ಆ ಕ್ಷಣದಲ್ಲಿ ನನ್ನ ಗಂಡನ ಮೇಲೆ ನನಗಿದ್ದ ಪ್ರೀತಿಯನ್ನು ಹೇಳತೀರದು.

ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿತು. ಆಮೇಲೆ ನೋವು ಬಂತು. ಹಳೆಯ ನೋವು, ನನಗೆ ಚೆನ್ನಾಗಿ ಪರಿಚಯವಿದ್ದದ್ದು. ನಾನು ಮಂಚದ ಮೇಲೆ ಮುದುಡಿಕೊಂಡೆ. ವಾಡೆಯೆಲ್ಲ ಬಂದು ನಿಂತಿತು. ಕಾಕು ಹಣೆ ಮುಟ್ಟಿ, "ಮೀ ಮ್ಹಟ್ಲಂ ಹೋತಂ!" ಎಂದರು, ನಾನು ಹೇಳಿದ್ದೆ ಎಂದು. ರೂಪಾ ಬಿಸಿನೀರಿನ ಚೀಲ ತಂದಳು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಾಗಿಲಿನ ಚೌಕಟ್ಟಿಗೆ ಆತು ನಿಂತು, ಬೆಳ್ಳಗಾದ ಮುಖದಲ್ಲಿ, "ಸಾಕು. ಇನ್ನ ಹಾಲು ಬಂದ್. ಕಾಯಂ ಬಂದ್" ಎಂದರು. ಡಾಕ್ಟರಿಗೆ ಫೋನ್ ಮಾಡೋಣವೆಂದರೆ ಅವರು ಊರಲ್ಲಿರಲಿಲ್ಲ. ಮರುದಿನ ನಾನು ಎದ್ದು ಕೂರುವಷ್ಟರಲ್ಲಿ ಮೊಸರಿನ ಗಡಿಗೆ ಅಡುಗೆಮನೆಯಿಂದ ಮಾಯವಾಗಿತ್ತು. ಅಂದಿನಿಂದ ಅತ್ತೆ ದಿನಾ ಹೆಪ್ಪು ಹಾಕಿದ ಗಡಿಗೆಯನ್ನು ದೇವರಗೂಡಿನ ಹಿಂದೆ ಇಡತೊಡಗಿದರು.

ಹಾಸಿಗೆಯ ಮೇಲೆ ಮಲಗಿ ನಾನು ಒಂದೇ ವಿಚಾರ ಮಾಡಿದೆ. ಅಷ್ಟು ದಿನ ಬಟ್ಟಲು ಬಟ್ಟಲು ಮೊಸರು ತಿಂದಾಗ ಸುಮ್ಮನಿದ್ದ ಹೊಟ್ಟೆ, ಅದೇ ಮೊಸರಿಗೆ ನೀರು ಬೆರೆಸಿದ ಕೂಡಲೇ ಏಕೆ ಎದ್ದು ಕೂತಿತು? ಇದನ್ನು ನಾನು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಸುಮ್ನ ಮಕ್ಕೋ." ನಾನು ಸುಮ್ಮನೆ ಮಲಗಿದೆ. ಹೊಟ್ಟೆ ಪೂರ್ತಿ ಸರಿಹೋಗುವವರೆಗೆ ಗಂಜಿ ಕುಡಿದುಕೊಂಡು, ಯಾರ ಜೊತೆಗೂ ವಾದ ಮಾಡದೆ ಇದ್ದೆ. ಮನೆಯವರು ನಾನು ಸೋತೆ ಎಂದುಕೊಂಡರು.

ಮುಂದಿನ ಭಾನುವಾರ ಮಧ್ಯಾಹ್ನ ನಾನು ದೇವರಗೂಡಿನ ಹಿಂದೆ ಕೈಹಾಕಿ ಗಡಿಗೆ ತೆಗೆದೆ. ಅತ್ತೆ "ಏ ತಂಗೀ!" ಎನ್ನುವಷ್ಟರಲ್ಲಿ ಗಡಿಗೆಯನ್ನೂ ಒಂದು ತಟ್ಟೆ ಅನ್ನವನ್ನೂ ಹಿಡಿದು ಹೊರಗೆ ಬಂದು, ಅಂಗಳದ ನಡುವೆ ಬೇವಿನ ಮರದ ನೆರಳಿನಲ್ಲಿ, ಕಲ್ಲಿನ ಮೇಲೆ ಕೂತೆ. ಕಲ್ಲು ಸುಡುತ್ತಿತ್ತು. ಎದ್ದರೆ ಮರ್ಯಾದೆ ಹೋಗುತ್ತದೆಂದು ಹಾಗೇ ಕೂತೆ. ಕಾಕು ಅಕ್ಕಿಯ ಮೊರ ಕೆಳಗಿಟ್ಟರು. ಮೇಲಿನ ಮನೆಯವರು ಮಹಡಿಯ ಕಠಡೆಗೆ ಬಂದು ಬಗ್ಗಿ ನೋಡಿದರು. ಯಜಮಾನರು ಬನಿಯನ್ನಿನಲ್ಲೇ ಓಡಿಬಂದರು.

"ಏನ್ ಮಾಡಾಕತ್ತಿ? ಒಳಗ ನಡಿ."

"ಉಣ್ಣಾಕತ್ತೀನಿ. ಎಲ್ಲಾರೂ ನೋಡ್ರಿ. ಕಾಕು, ತುಮ್ಹೀ ಪಣ್ ಬಘಾ, ನೀವೂ ನೋಡ್ರಿ. ಬರೇ ಮೊಸರು, ಬರೇ ಅನ್ನ, ಉಪ್ಪು. ಮತ್ತೇನೂ ಇಲ್ಲ."

"ಮತ್ತ ನೋವು ಬಂದ್ರ?"

"ಬಂದ್ರ ನನಗ ಬರ್ತೈತಿ. ನಿಮಗೇನ್ ಬರಂಗಿಲ್ಲಲ್ಲ?"

ನಾನು ಗಡಿಗೆಯನ್ನು ತಟ್ಟೆಯ ಮೇಲೆ ಬೋರಲು ಮಾಡಿದೆ. ಒಂದೊಂದು ತುತ್ತನ್ನೂ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಕೈ ಮೊಣಕೈವರೆಗೆ ಮೊಸರಾಗುವ ಹಾಗೆ ಉಂಡೆ. ಇಡೀ ವಾಡೆ ಉಸಿರು ಹಿಡಿದು ನೋಡಿತು. ತಟ್ಟೆ ನೆಕ್ಕುವುದು ನನ್ನಂಥ ಶಿಕ್ಷಕಿಗೆ ಶೋಭಿಸುವಂಥದ್ದಲ್ಲ. ಆದರೂ ಅವತ್ತು ಬೆರಳಿನಿಂದ ತಟ್ಟೆ ಬಳಿದು ಅದನ್ನೂ ಮುಗಿಸಿದೆ. ಯಜಮಾನರು ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದರು. ಕೈಯಲ್ಲಿ ಸ್ಕೂಟರಿನ ಕೀಲಿ. ಮೆಟ್ಟಿಲ ಮೇಲೆ ಕೂತು, ಆ ಕೀಲಿಯನ್ನು ಕೈಯಿಂದ ಕೈಗೆ ಬದಲಾಯಿಸುತ್ತ, ನನ್ನ ಹೊಟ್ಟೆಯನ್ನೇ ನೋಡತೊಡಗಿದರು. ಸಂಜೆ ಬಿಸಿಲು ಇಳಿಯಿತು. ಅಂಗಳಕ್ಕೆ ನೀರು ಹೊಡೆದರು. ನನಗೆ ಏನೂ ಆಗಲಿಲ್ಲ. "ಇವತ್ತ ಆಗ್ಲಿಲ್ಲಂದ್ರ ನಾಳಿಗೆ ಆಗ್ತೈತಿ" ಎಂದು ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ನಾಳೆಯೂ ಆಗಲಿಲ್ಲ. ನಾಡಿದ್ದೂ ಆಗಲಿಲ್ಲ.

ಸೋತ ಗಂಡಸರು ಪೂರ್ತಿ ಸೋಲುವುದಿಲ್ಲ, ಒಂದು ಗೋಡೆಯನ್ನಾದರೂ ಉಳಿಸಿಕೊಳ್ಳುತ್ತಾರೆ. ನಮ್ಮವರು ಹೊಸ ನಿಯಮ ಮಾಡಿದರು: "ಮೊಸರು ನಡೀತೈತಿ. ಮಜ್ಜಿಗಿ ನಡಿಯಂಗಿಲ್ಲ."

"ಮಜ್ಜಿಗಿ ಅಂದ್ರ ಏನ್ರಿ? ಮೊಸರಿಗೆ ನೀರು ಹಾಕಿದ್ರ ಮಜ್ಜಿಗಿ. ನೀರು ನನಗ ಆಗಂಗಿಲ್ಲೇನು?"

"ನೀರು ಆಗ್ತೈತಿ. ಆದ್ರ..." ಎಂದು ಅವರು ನಿಂತರು. ಆ 'ಆದ್ರ' ನನ್ನ ತಲೆಯೊಳಗೂ ನಿಂತಿತು. ಮೊಸರು, ನೀರು, ಉಪ್ಪು, ಸಾಸಿವೆ, ಜೀರಿಗೆ, ಕರಿಬೇವು. ಮೊಸರಿನದು ಅಂಗಳದಲ್ಲೇ ತೀರ್ಮಾನವಾಗಿತ್ತು, ಉಳಿದವೆಲ್ಲ ನಮ್ಮ ಸಾರಿನಲ್ಲೂ ದಿನಾ ಇರುವಂಥವೇ. ಅವತ್ತು ಮನೆಗೆ ಹೊಸದಾಗಿ ಬಂದದ್ದು ಒಂದೇ ಒಂದು. ನಾನು ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ಇಳಿಸಿದೆ. ವಾಸನೆಯೇನೋ ಇಂಗಿನದೇ. ತಟ್ಟೆಗೆ ಒಂದಿಷ್ಟು ಸುರಿದು ನೋಡಿದೆ. ನುಣ್ಣನೆಯ ಹಳದಿ ಪುಡಿ. ನಾಲ್ಕು ಹನಿ ನೀರು ಹಾಕಿ ಬೆರಳಾಡಿಸಿದೆ. ಬೆರಳು ಆಡಲಿಲ್ಲ. ಪುಡಿ ಮುದ್ದೆಯಾಯಿತು, ಮುದ್ದೆ ಎಳೆ ಬಿಟ್ಟಿತು. ನೋಡಿ, ಬೇರೆ ವಿದ್ಯೆಗಳಲ್ಲಿ ನಾನು ಹೇಗೋ ಏನೋ, ಈ ಒಂದು ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಾಗಪುರದಲ್ಲಿ ಇರಲಿಲ್ಲ. ವರ್ಷಾನುಗಟ್ಟಲೆ ತರಗತಿಯಲ್ಲಿ ಮೈದಾ ಕಲಸಿ ಅಂಟು ಮಾಡಿ, ಮಕ್ಕಳ ಕೈಯಿಂದ ಬಣ್ಣದ ಕಾಗದದ ಗಿಳಿ ಅಂಟಿಸಿದವಳು ನಾನು. ಆ ಅಂಟು ನನ್ನ ಉಗುರುಗಳ ಸಂದಿಯಲ್ಲಿ ವಾಸವಾಗಿತ್ತು. ಬೆರಳಿಗೆ ತಾಗಿದ ಕೂಡಲೇ ಗುರುತು ಹಿಡಿದೆ.

ಯಜಮಾನರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ನಾನು ಪೇಪರಿನ ಒಂದು ಮೂಲೆಯನ್ನು ಅವರ ಕಣ್ಣೆದುರೇ ಹರಿದೆ. ಅದರ ಹಿಂದೆ ಇಂಗಿನ ಮುದ್ದೆ ಸವರಿ, ಬಾಗಿಲಿಗೆ ಒತ್ತಿ ಹಿಡಿದು, ಕೈ ಬಿಟ್ಟೆ. ಕಾಗದ ಬಾಗಿಲಿಗೆ ಅಂಟಿ ನಿಂತಿತು.

"ಏನಿದು?" ಎಂದರು.

"ನೀವು ತಂದ ಅಮೃತ. ಹಿಟ್ಟು ಐತಿ ಇದರಾಗ. ಎರಡು ಚಮಚಾ ಹಾಕಿದ್ರೆಲ್ಲ, ಅದು ಗೋದಿ. ಹೊಟ್ಟಿ ಕೆಡಿಸಿದ್ದು ಹಾಲಲ್ಲ, ನೀವು."

ಅವರು ಒಪ್ಪಲಿಲ್ಲ. ಇಂಗಿಗೂ ಗೋದಿಗೂ ಏನು ಸಂಬಂಧ ಎಂದರು. ಆದರೆ ಎದ್ದು ಹೋಗಿ ಫೋನ್ ತಿರುಗಿಸಿದರು. ಡಾಕ್ಟರು ಅಷ್ಟರಲ್ಲಿ ಊರಿನಿಂದ ಬಂದಿದ್ದರು. ಮೊದಲು ಯಜಮಾನರೇ ಮಾತಾಡಿದರು, ಆಮೇಲೆ ಬರೀ ಕೇಳಿಸಿಕೊಂಡರು. "ಹಾಂ ಜೀ... ಮೊಸರಾ? ನೀವೇ ಹೇಳಿದ್ದಿರಾ? ಹಾಂ ಜೀ... ಇಂಗಿಗಾ? ಎಲ್ಲಾ ಪುಡಿಗೂ ಬೆರೆಸ್ತಾರಾ? ಹಾಂ ಜೀ..." ಎಂದು ಹಿಂದಿಯಲ್ಲಿ ತೊದಲುತ್ತ ತೊದಲುತ್ತ ಅವರು ಕುರ್ಚಿಯಲ್ಲಿ ಇಳಿಯುತ್ತ ಹೋದರು. ಬರಿಯ ಇಂಗು ಬಹಳ ಘಾಟೆಂದು ಅದನ್ನು ಪುಡಿ ಮಾಡುವಾಗ ಸಾಮಾನ್ಯವಾಗಿ ಗೋದಿಹಿಟ್ಟು ಸೇರಿಸುತ್ತಾರಂತೆ. ಡಾಕ್ಟರು ನಕ್ಕದ್ದು ಅಡುಗೆಮನೆಯವರೆಗೂ ಕೇಳಿಸಿತು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದರು. ರೂಪಾ ಹಿಡಿಯಲಿಲ್ಲ.

ಫೋನ್ ಇಟ್ಟಮೇಲೆ ಯಜಮಾನರು ಕುರ್ಚಿಯಿಂದ ಎದ್ದರು. ಹೋಗಿ ಬಾಗಿಲಿಗೆ ಅಂಟಿದ್ದ ಕಾಗದವನ್ನು ಉಗುರಿನಿಂದ ಕೆರೆದರು. ಅದು ಪೂರ್ತಿ ಬರಲಿಲ್ಲ. ಬೆನ್ನು ನನ್ನ ಕಡೆಗೆ ಇರುವಾಗಲೇ ಹೇಳಿದರು: "ನೀ ಸಾಲ್ಯಾಗ ಬಿದ್ದಿ ಅಂತ ಫೋನ್ ಬಂತು ನೋಡು. ನಾ ಆಸ್ಪತ್ರಿಗೆ ಬಂದು ನಿನ್ನ ಕೈ ಮುಟ್ಟಿದೆ. ಥಣ್ಣಗಿತ್ತು. ಅವತ್ತಿಂದ ನನಗ ಏನರೆ ಒಂದು ಬಂದ್ ಮಾಡಿದ್ರಷ್ಟ ಧೈರ್ಯ ಬರ್ತೈತಿ."

ಈ ಮಾತಿಗೆ ನಾನು ಅವರ ಕಡೆಗೆ ಒಂದು ಹೆಜ್ಜೆ ಇಟ್ಟದ್ದು ನಿಜ. ಆದರೆ ಅಲ್ಲೇ ಕರಗಿದ್ದರೆ ಮರುದಿನ ಹೊಸದೊಂದು ನಿಯಮ ಬರುತ್ತಿತ್ತು. ಅವರನ್ನು ನಾನು ಬಲ್ಲೆ. ಅದಕ್ಕೆ, "ಧೈರ್ಯ ಬೇಕಂದ್ರ ನಿಮ್ಮದೇನರೆ ಬಂದ್ ಮಾಡ್ಕೋರಿ. ನಂದು ಚಾಲೂ ಇರ್ಲಿ" ಎಂದೆ. ಅವರು ತಿರುಗಿ ನೋಡಿದರು. ಆಮೇಲೆ ನಕ್ಕರು. ಅವತ್ತು ಮಧ್ಯಾಹ್ನ ಇಂಗಿಲ್ಲದ ಮಜ್ಜಿಗೆಯನ್ನು ನಾನೇ ಕಡೆದೆ. ಯಾರ ಅನುಮತಿಯನ್ನೂ ಕೇಳಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಗೆದ್ದೆ ಎಂದು ಎದೆತಟ್ಟಿ ಹೇಳಬಹುದಿತ್ತು. ಆದರೆ ತಪ್ಪು ಮಾಡಿದ್ದೇವೆಂದು ತಿಳಿದ ಮನೆಯವರು ತಪ್ಪು ಮಾಡುವಾಗಿನದಕ್ಕಿಂತ ಹೆಚ್ಚು ಅಪಾಯಕಾರಿ. ಗವಳಿಗೆ ಹೇಳಿ ಯಜಮಾನರು ಹಾಲು ಹೆಚ್ಚಿಸಿದರು. ಕಾಕು ತಮ್ಮ ಕೈಯಾರೆ ಶ್ರೀಖಂಡ ಮಾಡಿ ತಂದು, ನಾನು ತಿನ್ನುವವರೆಗೂ ಎದುರಿಗೆ ಕೂತರು. ರೂಪಾ ಪನೀರಿನ ಪಲ್ಯ ಕಲಿತಳು. ಅತ್ತೆ ಬಾಸುಂದಿ ಕಾಸಿದರು. ಇದೆಲ್ಲದರ ಮೇಲೆ ದಿನಾ ಸಂಜೆ ಒಂದು ದೊಡ್ಡ ಹಿತ್ತಾಳೆ ಲೋಟದ ತುಂಬ ಗಟ್ಟಿ ಎಮ್ಮೆಹಾಲು, ಮೇಲೆ ಅಂಗೈಯಗಲ ಕೆನೆ, ಹಬೆಯಾಡುತ್ತ ನನ್ನ ಮುಂದೆ ಬಂದು ನಿಲ್ಲತೊಡಗಿತು. ನಿಮ್ಮೊಬ್ಬರಿಗೇ ಹೇಳುತ್ತೇನೆ: ಬರಿಯ ಹಾಲು ನನಗೆ ಹುಟ್ಟಿದಂದಿನಿಂದ ಸೇರುವುದಿಲ್ಲ. ಅದರ ಕೆನೆ ನಾಲಿಗೆಗೆ ತಾಗಿದರೆ ಮೈಯೆಲ್ಲ ಜುಮ್ಮೆನ್ನುತ್ತದೆ. ನಾನು ಹೋರಾಡಿದ್ದು ಮೊಸರಿಗೆ, ಹೆಚ್ಚೆಂದರೆ ಮಜ್ಜಿಗೆಗೆ. ಆದರೆ ಇದನ್ನು ಈಗ ಯಾರಿಗೆ ಹೇಳುವುದು? ಒಂದು ಸಂಜೆ ಲೋಟವನ್ನು ತುಸು ದೂರ ಸರಿಸಿ ನೋಡಿದೆ. ಯಜಮಾನರ ಪೇಪರು ಕೆಳಗಿಳಿಯಿತು. "ಯಾಕ? ಹೊಟ್ಟ್ಯಾಗ ಏನರೆ ಆಗಾಕತ್ತೈತೇನು?" ಎಂದರು. ಕಾಕು ಅಕ್ಕಿಯ ಮೊರ ಬದಿಗಿಟ್ಟು ಕತ್ತು ಉದ್ದ ಮಾಡಿದರು.

ನಾನು ಲೋಟ ಎತ್ತಿಕೊಂಡೆ. ಉಸಿರು ಬಿಗಿಹಿಡಿದು, ಕೆನೆಯ ಸಮೇತ, ತಳದವರೆಗೆ ಕುಡಿದೆ. ಕಣ್ಣಲ್ಲಿ ನೀರು ಬಂತು. ಬಿಸಿಯಿತ್ತು ಎಂದುಕೊಂಡಿರಬೇಕು ಅವರು. ಅತ್ತೆ ಪಾತ್ರೆ ಹಿಡಿದು ಬಂದು, "ಸಾಕೇನ ತಂಗೀ?" ಎಂದರು. ವಾಡೆಯೆಲ್ಲ ನೋಡುತ್ತಿತ್ತು. ನಾನು ಮೂತಿ ಒರೆಸಿಕೊಂಡು, ಲೋಟವನ್ನು ಮುಂದೆ ಚಾಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಸಾಕ್ಯಾಕ್ರಿ? ಇನ್ನಷ್ಟು ಹಾಕ್ರಿ. ಕೆನಿ ಇದ್ರ ಅದನ್ನೂ."